ಅಪ್ಪ-ಅಮ್ಮನಿಗೆ ಜರ್ಮನಿ ವಿಸಿಟ್ ವೀಸಾ: ಯಾವ ಕಾಗದ ಮೊದಲು ಮಾಡಿಸಬೇಕು?

ಸಾಗರದವ_ಮ್ಯೂನಿಕ್:
ಊರಿನಿಂದ ಅಪ್ಪ-ಅಮ್ಮನನ್ನು ಮೇ 1ಕ್ಕೆ ಕರೆಸಿಕೊಂಡು ಜುಲೈ 31ರವರೆಗೆ ಇಲ್ಲೇ ಇಟ್ಟುಕೊಳ್ಳಬೇಕೆಂದಿದ್ದೇನೆ. ಖರ್ಚೆಲ್ಲ ನನ್ನದೇ. ಅಪ್ಪನ ಪಾಸ್‌ಪೋರ್ಟ್ ಸೆಪ್ಟೆಂಬರ್ 20ಕ್ಕೆ ಮುಗಿಯುತ್ತದೆ, ಅದರಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ, ಇಸಿಆರ್ (ಕೆಲಸಕ್ಕೆಂದು ಹೊರದೇಶಕ್ಕೆ ಹೋಗುವ ಮುನ್ನ ಸರಕಾರದ ಅನುಮತಿ ಬೇಕೆಂಬ ಗುರುತು) ಅಂತಲೂ ಇದೆ. ಆದಾಯ ಅಡಿಕೆ ತೋಟದ್ದು ಮಾತ್ರ, ಐಟಿ ರಿಟರ್ನ್ ಹಾಕಿದವರಲ್ಲ. ಸ್ಪಾನ್ಸರ್ ಪತ್ರ ಮೊದಲು ಮಾಡಿಸಲೋ, ಟಿಕೆಟ್ ಮೊದಲು ತೆಗೆಯಲೋ?

ಕಾಗದಪತ್ರ:
ಎರಡೂ ಅಲ್ಲ, ಮೊದಲು ಪಾಸ್‌ಪೋರ್ಟ್. ಶೆಂಗೆನ್ ಪ್ರದೇಶದಿಂದ (ಒಂದೇ ವೀಸಾ ನಡೆಯುವ, ಜರ್ಮನಿಯೂ ಸೇರಿದ ಯುರೋಪಿನ ದೇಶಗಳ ಗುಂಪು) ಹೊರಡುವ ದಿನದ ನಂತರವೂ 3 ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಜುಲೈ ಕೊನೆಗೆ ಹೊರಟರೆ ಅಕ್ಟೋಬರ್ ಕೊನೆಯವರೆಗೆ ಬೇಕು, ಸೆಪ್ಟೆಂಬರ್ 20 ಸಾಲದು. ಎರಡು ಪುಟ ಖಾಲಿಯೂ ಇರಬೇಕು. ರಿನ್ಯೂ ಮಾಡಿಸಿದ ಮೇಲೆಯೇ ಸ್ಪಾನ್ಸರ್ ಪತ್ರಕ್ಕೆ ಹೋಗಿ, ಏಕೆಂದರೆ ಆ ಪತ್ರದಲ್ಲಿ ಅತಿಥಿಯ ಪಾಸ್‌ಪೋರ್ಟ್ ನಂಬರ್ ಅಚ್ಚಾಗುತ್ತದೆ. ಹಳೆಯ ನಂಬರ್ ಹಾಕಿಸಿಕೊಂಡು ಆಮೇಲೆ ರಿನ್ಯೂ ಮಾಡಿಸಿದರೆ ಪತ್ರ ಒಂದು ನಂಬರ್, ಪಾಸ್‌ಪೋರ್ಟ್ ಇನ್ನೊಂದು ನಂಬರ್ ಹೇಳುತ್ತದೆ.

ರಿನ್ಯೂ ಮಾಡಿಸುವಾಗಲೇ ಹೆಸರನ್ನು ಗಿವನ್ ನೇಮ್, ಸರ್‌ನೇಮ್ ಎಂದು ಬಿಡಿಸಿ ಹಾಕಿಸಿ. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮವರಲ್ಲಿ ಈ ತೊಡಕು ತುಂಬ ಇದೆ. ಜರ್ಮನಿ ಒಂದೇ ಹೆಸರಿಗೆ ವೀಸಾ ನಿರಾಕರಿಸುವುದಿಲ್ಲ, ಪೇಚಾಟ ಇರುವುದು ಟಿಕೆಟ್‌ನಲ್ಲಿ. ಒಂದು ಏರ್‌ಲೈನ್ ಅದೇ ಹೆಸರನ್ನು ಎರಡೂ ಕಡೆ ಬರೆಯುತ್ತದೆ, ಇನ್ನೊಂದು ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎನ್ನುತ್ತದೆ. ಇಸಿಆರ್ ಬಗ್ಗೆ ಚಿಂತೆ ಬೇಡ. ಅದು ಗೊತ್ತುಮಾಡಿದ 18 ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ಮಾತ್ರ, ಮಗನ ಮನೆಗೆ ಬರುವವರಿಗಲ್ಲ.

ಇನ್ನು ದಿನದ ಲೆಕ್ಕ. ಇಳಿದ ದಿನ, ಹೊರಟ ದಿನ ಎರಡೂ ಎಣಿಕೆಗೆ ಬರುತ್ತವೆ. ಮೇ 31, ಜೂನ್ 30, ಜುಲೈ 31 ಸೇರಿದರೆ 92. ಮಿತಿ ಇರುವುದು ಯಾವುದೇ 180 ದಿನಗಳಲ್ಲಿ 90. ಮೇ 1ಕ್ಕೆ ಬಂದವರು ಜುಲೈ 29ಕ್ಕೆ ಹೊರಗಿರಬೇಕು. ನಾನಾದರೆ ವಿಮಾನ ರದ್ದಾಗುವ ಸಾಧ್ಯತೆಗೆಂದು ಮೂರ್ನಾಲ್ಕು ದಿನ ಉಳಿಸಿಕೊಂಡೇ ಅರ್ಜಿ ಹಾಕಿಸುತ್ತೇನೆ.

ಟಿಕೆಟ್‌ಗೆ ದುಡ್ಡು ಕಟ್ಟಬೇಡಿ, ಅರ್ಜಿಗೆ ರಿಸರ್ವೇಶನ್ ಸಾಕು. ಅರ್ಜಿ ಹಾಕಲು ಪ್ರಯಾಣಕ್ಕೆ 6 ತಿಂಗಳ ಮುಂಚಿನಿಂದ ಅವಕಾಶವಿದೆ, 15 ದಿನಕ್ಕಿಂತ ತಡ ಮಾಡುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಅನುಮಾನ ಬಂದರೆ 45 ದಿನದವರೆಗೂ ಎಳೆಯಬಹುದು. ಬೇಸಿಗೆಗೆ ಬೆಂಗಳೂರಿನ ವಿಎಫ್‌ಎಸ್‌ನಲ್ಲಿ (ವೀಸಾ ಅರ್ಜಿ ತೆಗೆದುಕೊಳ್ಳುವ ಖಾಸಗಿ ಕೇಂದ್ರ) ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಜನವರಿಯಲ್ಲೇ ನೋಡಿ. ವೀಸಾ ಶುಲ್ಕ ಜೂನ್ 2024ರಿಂದ ತಲೆಗೆ 90 ಯೂರೋ, ವಿಎಫ್‌ಎಸ್ ಸೇವಾ ಶುಲ್ಕ ಬೇರೆ. ಮೊದಲ ಸಲ ಇಬ್ಬರೂ ಬೆರಳಚ್ಚಿಗೆ ಖುದ್ದು ಹೋಗಲೇಬೇಕು. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ.

ತೋಟದ_ಲೆಕ್ಕ:
ಮೇಲಿನವರು ಕ್ರಮ ಹೇಳಿದ್ದಾರೆ, ನಾನು ತಿರುಳು ಹೇಳುತ್ತೇನೆ. ವೀಸಾ ಅಧಿಕಾರಿಗೆ ಎರಡು ಪ್ರಶ್ನೆ: ಖರ್ಚು ಯಾರದು? ವಾಪಸ್ ಹೋಗುತ್ತಾರೆಯೇ? ನಿಮ್ಮ ಸ್ಪಾನ್ಸರ್ ಪತ್ರ ಮೊದಲನೆಯದಕ್ಕೆ ಮಾತ್ರ ಉತ್ತರ. ಮಗನ ಸಂಬಳ ಎಷ್ಟೇ ಇದ್ದರೂ ಎರಡನೆಯದಕ್ಕೆ ಊರಿನ ಕಾಗದವೇ ಬೇಕು. ವಯಸ್ಸಾದವರ ಎಷ್ಟೋ ಅರ್ಜಿಗಳು ‘ವಾಪಸಾಗುವ ಉದ್ದೇಶದ ಬಗ್ಗೆ ಅನುಮಾನ’ ಎಂಬ ಕಾರಣಕ್ಕೆ ಬೀಳುವುದು ಇಲ್ಲಿಯೇ.

ಸ್ಪಾನ್ಸರ್ ಪತ್ರಕ್ಕೆ ಜರ್ಮನ್‌ನಲ್ಲಿ ಫೆರ್‌ಫ್ಲಿಷ್‌ಟುಂಗ್ಸ್‌ಎರ್‌ಕ್ಲೇರುಂಗ್ ಎನ್ನುತ್ತಾರೆ. ನಿಮ್ಮ ಊರಿನ ವಿದೇಶಿಯರ ಕಚೇರಿಯಲ್ಲಿ 29 ಯೂರೋ ಕಟ್ಟಿ, ಇತ್ತೀಚಿನ ಮೂರು ಸಂಬಳದ ಚೀಟಿ, ಕೆಲಸದ ಕರಾರು, ಬಾಡಿಗೆ ಕರಾರು ತೋರಿಸಿ ಮಾಡಿಸಬೇಕು. ಅತಿಥಿಯ ಹೆಂಡತಿಯ, ಅಂದರೆ ನಿಮ್ಮ ಅಮ್ಮನ, ಹೆಸರು ಸೇರಿಸಲು ಅದೇ ಫಾರ್ಮಿನಲ್ಲಿ ಜಾಗವಿದೆ. ಮೂಲ ಪ್ರತಿಯನ್ನೇ ಊರಿಗೆ ಕಳಿಸಬೇಕು, ಅರ್ಜಿ ಹಾಕುವ ದಿನ ಅದಕ್ಕೆ 6 ತಿಂಗಳು ದಾಟಿರಬಾರದು. ಸಹಿ ಹಾಕುವ ಮುನ್ನ ತಿಳಿದಿರಿ: ಅತಿಥಿಗಳ ಆಸ್ಪತ್ರೆ ಖರ್ಚನ್ನು ಸರಕಾರ ಭರಿಸಬೇಕಾಗಿ ಬಂದರೆ ನಿಮ್ಮಿಂದಲೇ ವಸೂಲಿ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್ ಇಲ್ಲದಿರುವುದು ತಪ್ಪಲ್ಲ, ಆದರೆ ಅದನ್ನು ಕವರಿಂಗ್ ಲೆಟರ್‌ನಲ್ಲಿ ಬರೆಯಿರಿ, ಅಧಿಕಾರಿ ಊಹಿಸಿಕೊಳ್ಳಲಿ ಎಂದು ಬಿಡಬೇಡಿ. ಚಾಲ್ತಿ ಸಾಲಿನ ಪಹಣಿ, ಸೊಸೈಟಿಗೆ ಅಡಿಕೆ ಹಾಕಿದ ಬಿಲ್ಲುಗಳು, ಅದೇ ಮೊತ್ತ ಜಮೆಯಾದದ್ದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ಕಂದಾಯದ ರಸೀದಿ ಇಡಿ. ಪಹಣಿ ಕನ್ನಡದಲ್ಲಿರುತ್ತದೆ, ಇಂಗ್ಲಿಷ್ ಅಥವಾ ಜರ್ಮನ್ ಅನುವಾದ ಜೊತೆಗಿರಲಿ. ಅರ್ಜಿಗೆ ವಾರದ ಮುಂಚೆ ಖಾತೆಗೆ ನೀವು ದೊಡ್ಡ ಮೊತ್ತ ಹಾಕುವುದು ಬೇಡ. ಮೂರು ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಅದು ಎದ್ದು ಕಾಣುತ್ತದೆ, ಇದ್ದ ನಂಬಿಕೆಯನ್ನೂ ಕೆಡಿಸುತ್ತದೆ. ಮತ್ತೆ ಜೂನ್‌ನಲ್ಲಿ ಮಳೆ ಹಿಡಿಯುತ್ತಲೇ ಔಷಧಿ ಹೊಡೆಸುವ ಕೆಲಸ ಶುರು. ಆ ಹೊತ್ತಿಗೆ ತೋಟ ಯಾರು ನೋಡಿಕೊಳ್ಳುತ್ತಾರೆ, ಕೊಯ್ಲಿಗೆ ಮುಂಚೆ ಇವರು ವಾಪಸಾಗಿರುತ್ತಾರೆ ಎಂದು ಎರಡು ಸಾಲು ಬರೆದರೆ ಅದು ಯಾವ ಪ್ರಮಾಣಪತ್ರಕ್ಕೂ ಕಡಿಮೆಯಲ್ಲ.

ಮಗ ಎಂಬುದಕ್ಕೆ ಜನನ ಪ್ರಮಾಣಪತ್ರ, ಜೊತೆಗೆ ತಂದೆ-ತಾಯಿ ಹೆಸರಿರುವ ನಿಮ್ಮ ಪಾಸ್‌ಪೋರ್ಟ್‌ನ ಕೊನೆಯ ಪುಟದ ಪ್ರತಿ. ಅಲ್ಲಿನ ಸ್ಪೆಲಿಂಗ್ ಅವರ ಪಾಸ್‌ಪೋರ್ಟ್‌ಗೆ ಹೊಂದುತ್ತದೆಯೇ ನೋಡಿ.

ಸಾಗರದವ_ಮ್ಯೂನಿಕ್:
ತುಂಬ ಉಪಕಾರವಾಯಿತು. ಇನ್ನೆರಡು ಕೇಳುವುದಿದೆ. ಅಮ್ಮನಿಗೆ ಬಿಪಿ, ಶುಗರ್ ಇದೆ, ಇನ್ಶೂರೆನ್ಸ್ ಹೇಗೆ? ತುಪ್ಪ, ಕರಿಬೇವು, ಮಾವಿನಹಣ್ಣು ತರಬಹುದಾ?

ಗೇಟ್_ನಂಬರ್:
ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ, ಶೆಂಗೆನ್ ದೇಶಗಳಿಗೆಲ್ಲ ಅನ್ವಯಿಸುವ ಪಾಲಿಸಿ ಬೇಕು. ಆದರೆ ವೀಸಾಕ್ಕೆ ಸಾಕಾಗುವ ಪಾಲಿಸಿ ಆಸ್ಪತ್ರೆಗೆ ಸಾಕಾಗುತ್ತದೆ ಎಂದುಕೊಳ್ಳಬೇಡಿ. ಅಗ್ಗದವುಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ಕ್ಲೇಮ್ ಇರುವುದಿಲ್ಲ, ಕೆಲವದರಲ್ಲಿ ವಯಸ್ಸಾದವರಿಗೆ ಒಂದೊಂದು ಚಿಕಿತ್ಸೆಗೂ ಒಳಮಿತಿ ಇರುತ್ತದೆ. ಬಿಪಿ, ಶುಗರ್ ಮುಚ್ಚಿಡದೆ ಬರೆಯಿಸಿ, ಮೊದಲಿದ್ದ ಕಾಯಿಲೆ ದಿಢೀರ್ ಉಲ್ಬಣಿಸಿದರೆ ಕೊಡುತ್ತಾರೆಯೇ ಎಂದು ಷರತ್ತಿನಲ್ಲಿ ಓದಿ. ಮಾತ್ರೆಗಳನ್ನು 3 ತಿಂಗಳ ಬಳಕೆಯಷ್ಟು ತರಬಹುದು. ವೈದ್ಯರ ಚೀಟಿ ಇಂಗ್ಲಿಷ್‌ನಲ್ಲಿರಲಿ, ಮಾತ್ರೆ ಕೈಚೀಲದಲ್ಲಿರಲಿ.

ತುಪ್ಪ ಬೇಡ. ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಕರಿಬೇವಿಗೂ ಮಾವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದಿಲ್ಲದೆ ಬಿಡುವ ಹಣ್ಣು ಐದೇ: ಅನಾನಸ್, ತೆಂಗಿನಕಾಯಿ, ಡ್ಯೂರಿಯನ್, ಬಾಳೆ, ಖರ್ಜೂರ. ಅಮ್ಮನಿಗೆ ಇದನ್ನು ಪ್ಯಾಕ್ ಮಾಡುವ ಮುಂಚೆಯೇ ಹೇಳಿ, ಕಷ್ಟಪಟ್ಟು ಕಾಯಿಸಿ ತಂದ ತುಪ್ಪವನ್ನು ಕಸ್ಟಮ್ಸ್‌ನವರು ತೆಗೆದುಕೊಂಡರೆ ಅವರಿಗೆ ಸಂಕಟವಾಗುತ್ತದೆ.

ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ದುಬೈಯಲ್ಲೋ ದೋಹಾದಲ್ಲೋ ಬೇರೆ ಬೇರೆ ಟಿಕೆಟ್ ಆದರೆ ಲಗೇಜಿಗಾಗಿ ಇಮಿಗ್ರೇಶನ್ ದಾಟಬೇಕಾಗಬಹುದು, ಆಗ ಆ ದೇಶದ ವೀಸಾ ಪ್ರಶ್ನೆ ಬರುತ್ತದೆ.

ವೀಸಾ ಕೈಗೆ ಬಂದ ಕೂಡಲೇ ಸ್ಟಿಕರ್‌ನಲ್ಲಿ ‘ಇಂಥ ದಿನದಿಂದ-ಇಂಥ ದಿನದವರೆಗೆ’ ಎಂಬ ತಾರೀಖಿನ ಜೊತೆ ವಾಸದ ದಿನಗಳ ಸಂಖ್ಯೆಯನ್ನೂ ನೋಡಿ. ಅವಧಿಗೆ ಸಾಮಾನ್ಯವಾಗಿ 15 ದಿನ ಹೆಚ್ಚು ಸೇರಿಸಿರುತ್ತಾರೆ, ಇರಬಹುದಾದ ದಿನ ಮಾತ್ರ ಆ ಸಂಖ್ಯೆಯಷ್ಟೇ. ಕೇಳಿದ್ದಕ್ಕಿಂತ ಕಡಿಮೆಯೂ ಕೊಟ್ಟಿರಬಹುದು. ಅಕ್ಟೋಬರ್ 12, 2025ರಿಂದ ಇಇಎಸ್ (ಎಂಟ್ರಿ/ಎಕ್ಸಿಟ್ ಸಿಸ್ಟಮ್) ಎಂಬ ಗಡಿ ದಾಖಲೆ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಒಳಬಂದದ್ದು, ಹೊರಹೋದದ್ದು ಕಂಪ್ಯೂಟರ್‌ನಲ್ಲೇ ದಾಖಲಾಗುವುದರಿಂದ ಒಂದು ದಿನ ಮೀರಿದರೂ ಮುಂದಿನ ವೀಸಾಕ್ಕೆ ಅಡ್ಡ ಬರುತ್ತದೆ. ಸ್ಪಾನ್ಸರ್ ಪತ್ರ, ಇನ್ಶೂರೆನ್ಸ್, ವಾಪಸ್ ಟಿಕೆಟ್, ನಿಮ್ಮ ವಿಳಾಸ ಮತ್ತು ಫೋನ್ ನಂಬರ್ ಬರೆದ ಹಾಳೆ ಇಬ್ಬರ ಕೈಚೀಲದಲ್ಲೂ ಒಂದೊಂದು ಪ್ರತಿ ಇರಲಿ. ಫ್ರಾಂಕ್‌ಫರ್ಟ್ ಮೇಲೆ ಬಂದರೆ ತಪಾಸಣೆ ಅಲ್ಲೇ ಮುಗಿಯುತ್ತದೆ, ನೀವು ಕಾಯುತ್ತಿರುವ ಮ್ಯೂನಿಕ್‌ನಲ್ಲಲ್ಲ. ಮುಂದಿನ ವಿಮಾನಕ್ಕೆ ಕನಿಷ್ಠ ಮೂರು ಗಂಟೆ ಅಂತರವಿರುವ ಟಿಕೆಟ್ಟನ್ನೇ ತೆಗೆಯಿರಿ.