ಬೇರೆಯಾಗುವಾಗ ಜಂಟಿ ಹೋಮ್ ಲೋನ್ ಒಬ್ಬರ ಹೆಸರಿಗೆ: ಅಮ್ಮನ 15 ಲಕ್ಷ ಹೇಗೆ ತರೋದು?

ಮೂರನೇ_ಮಹಡಿ:
ಜೆ.ಪಿ. ನಗರ 7ನೇ ಹಂತದಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್. ಕ್ರಯಪತ್ರ, ಸಾಲ ಎರಡೂ ಗಂಡ-ಹೆಂಡತಿ ಹೆಸರಲ್ಲಿ, ಅರ್ಧರ್ಧ ಪಾಲು. ಈಗಿನ ಬೆಲೆ 96 ಲಕ್ಷ, ಬಾಕಿ ಸಾಲ 52 ಲಕ್ಷ. ಫ್ಲ್ಯಾಟ್ ಹೆಂಡತಿಗೆ, ಗಂಡನಿಗೆ 22 ಲಕ್ಷ ಅಂತ ಮಾತಾಗಿದೆ. ಒಪ್ಪಿಗೆ ವಿಚ್ಛೇದನದ ಅರ್ಜಿ ಇನ್ನೂ ಹಾಕಿಲ್ಲ. ಹೆಂಡತಿಯ ಅಮ್ಮ (64) 15 ಲಕ್ಷ ಕೊಡ್ತಾರೆ, ಅದು ಸೀನಿಯರ್ ಸಿಟಿಜನ್ ಸ್ಕೀಮಿನಲ್ಲಿದೆ. ಹೆಂಡತಿಯ ಕೈಗೆ ಬರೋ ಸಂಬಳ 92 ಸಾವಿರ. ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸೋ ಯೋಚನೆ. ಮೊದಲು ಯಾವುದು: ರಿಲೀಸ್ ಡೀಡಾ (ಗಂಡ ತನ್ನ ಪಾಲಿನ ಹಕ್ಕು ಬಿಡೋ ಪತ್ರ), ಬ್ಯಾಂಕಾ, ಕೋರ್ಟಾ? ಅಮ್ಮನನ್ನು ಕೋ-ಅಪ್ಲಿಕೆಂಟ್ (ಸಾಲಕ್ಕೆ ಜೊತೆ ಅರ್ಜಿದಾರರು) ಮಾಡ್ಬೇಕಾ?

ಕಡತದ_ಕಪಾಟು:
ಮೊದಲು ಬ್ಯಾಂಕಿನ ಮಂಜೂರಾತಿ, ಆಮೇಲೆ ಡೀಡು, ಡಿಕ್ರಿ (ಕೋರ್ಟಿನ ವಿಚ್ಛೇದನ ಆದೇಶ) ಕೊನೆಗೆ.

ಗಂಡ-ಹೆಂಡತಿ ನಡುವಿನ ಹಕ್ಕು ಬಿಡುಗಡೆ ಪತ್ರಕ್ಕೆ ಕರ್ನಾಟಕದಲ್ಲಿ ಕುಟುಂಬದ ರಿಯಾಯಿತಿ ಇದೆ, ಮುದ್ರಾಂಕ ಕೆಲವೇ ಸಾವಿರ. ಡಿಕ್ರಿ ಕೈಗೆ ಬಂದ ಮೇಲೆ ಅವರು ಗಂಡ-ಹೆಂಡತಿಯಲ್ಲ, ರಿಯಾಯಿತಿಯೂ ಇಲ್ಲ. ಆಗ ಅರ್ಧ ಪಾಲಿಗೆ ಕ್ರಯಪತ್ರ ಮಾಡಿದರೆ ಮುದ್ರಾಂಕ ಶೇ. 5, ಅದರ ಮೇಲಿನ ಸೆಸ್-ಸರ್ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಒಟ್ಟು 7.6. 48 ಲಕ್ಷದ ಪಾಲಿಗೆ 3,64,800 ರೂಪಾಯಿ, ಬರೀ ದಿನಾಂಕ ಹಿಂದೆಮುಂದೆ ಆಗಿದ್ದಕ್ಕೆ.

ಇನ್ನೊಂದು ಭ್ರಮೆ: "ಸಾಲ ಹೆಂಡತಿಯೇ ತೀರಿಸತಕ್ಕದ್ದು" ಅಂತ ಡಿಕ್ರಿಯಲ್ಲಿ ಬಂದರೆ ಗಂಡನ ಹೊಣೆ ಮುಗೀತು ಅನ್ನೋದು. ಬ್ಯಾಂಕು ಆ ಕೇಸಿನಲ್ಲಿ ಪಾರ್ಟಿಯೇ ಅಲ್ಲ. ಹಳೇ ಸಾಲ ಮುಚ್ಚೋವರೆಗೂ ಒಂದು ಇಎಂಐ ತಪ್ಪಿದರೆ ಇಬ್ಬರ ಸಿಬಿಲ್‌ಗೂ (ಸಾಲ ತೀರಿಸೋ ಶಿಸ್ತಿನ ಅಂಕ) ಪೆಟ್ಟು.

ಲೆಕ್ಕ_ಪಕ್ಕಾ:
52 + 22 − 15 = 59 ಲಕ್ಷ ಹೊಸ ಸಾಲ. ಶೇ. 8ರಂತೆ 20 ವರ್ಷಕ್ಕೆ ಇಎಂಐ ಸುಮಾರು 49,350, ಅಂದರೆ ಸಂಬಳದ ಶೇ. 54ರ ಹತ್ತಿರ. ಬಹಳಷ್ಟು ಬ್ಯಾಂಕುಗಳು 50-55ರಲ್ಲಿ ಗೆರೆ ಎಳೆಯುತ್ತವೆ, ಕಾರ್ ಲೋನ್ ಏನಾದ್ರೂ ಇದ್ದರೆ ಅರ್ಜಿ ಅಲ್ಲೇ ಬೀಳುತ್ತೆ. 25 ವರ್ಷಕ್ಕೆ ಎಳೆದರೆ 45,500 ಆಗುತ್ತೆ, ಉಸಿರಾಡಬಹುದು. 59ರಲ್ಲಿ 52 ಮಾತ್ರ ಟೇಕ್‌ಓವರ್ (ಹಳೇ ಸಾಲದ ವರ್ಗಾವಣೆ), ಉಳಿದ 7 ಲಕ್ಷವನ್ನು ಟಾಪ್-ಅಪ್ (ಅದರ ಮೇಲಿನ ಹೆಚ್ಚುವರಿ ಸಾಲ) ಅಂತ ಹಾಕಿದರೆ ಬಡ್ಡಿ ಸಾಮಾನ್ಯವಾಗಿ ತುಸು ಜಾಸ್ತಿ. ಪಾಲು ಖರೀದಿಗೆ ಅಂತಲೇ ಕೊಡ್ತೀರಾ ಎಂದು ಅರ್ಜಿ ಹಾಕುವಾಗಲೇ ಕೇಳಿ. ಹಳೇ ಸಾಲ ಫ್ಲೋಟಿಂಗ್ (ಏರಿಳಿಯೋ ಬಡ್ಡಿಯದು) ಆಗಿದ್ದರೆ ಮುಂಗಡ ತೀರಿಸಿದ್ದಕ್ಕೆ ದಂಡವಿಲ್ಲ.

ಅಮ್ಮ ಕೋ-ಅಪ್ಲಿಕೆಂಟ್ ಆಗೋದು ಬೇಡ. ಅವರ ಆದಾಯ ಲೆಕ್ಕಕ್ಕೆ ಹಿಡಿದರೆ ಅವಧಿಯನ್ನು ಅವರ 70ನೇ ವಯಸ್ಸಿಗೋ 75ಕ್ಕೋ ಕಟ್ ಮಾಡ್ತಾರೆ, ಆರು ವರ್ಷದ ಇಎಂಐ ಯಾರಿಗೂ ಆಗೋದಲ್ಲ.

ಹಣ ದಾನವಾಗಿಯೇ ಬರಲಿ. ತಾಯಿ ಮಗಳಿಗೆ ಕೊಟ್ಟ ಹಣಕ್ಕೆ ಮಗಳ ಕೈಲಿ ತೆರಿಗೆ ಇಲ್ಲ, ಹಣದ ದಾನಕ್ಕೆ ನೋಂದಣಿಯೂ ಬೇಡ. ಒಂದು ಹಾಳೆ ಸಾಕು: "ನನ್ನ ಮಗಳಿಗೆ 15,00,000 ರೂಪಾಯಿಯನ್ನು ಪ್ರೀತಿ-ವಾತ್ಸಲ್ಯದಿಂದ, ಹಿಂದಿರುಗಿಸುವ ಷರತ್ತಿಲ್ಲದೆ ಕೊಟ್ಟಿದ್ದೇನೆ", ಕೆಳಗೆ ಇಬ್ಬರ ಪ್ಯಾನ್, ಖಾತೆ ಸಂಖ್ಯೆ, ಯುಟಿಆರ್ (ಹಣ ವರ್ಗಾವಣೆಯ ಸಂಖ್ಯೆ), ದಿನಾಂಕ, ಸಹಿ. "ಹಿಂದಿರುಗಿಸುವ ಷರತ್ತಿಲ್ಲದೆ" ಅನ್ನೋದು ಬಿಟ್ಟುಹೋದರೆ ಬ್ಯಾಂಕು ಅದನ್ನೂ ಸಾಲ ಅಂತ ಹಿಡಿದು ಅರ್ಹತೆ ಇಳಿಸಬಹುದು. ಹಾಗಂತ ಅಮ್ಮನಿಗೆ ನಿಜಕ್ಕೂ ಹಣ ವಾಪಸ್ ಬೇಕಿದ್ದರೆ ಈ ಪತ್ರ ಬರೆಯಬಾರದು. ಸಾಲಪತ್ರ ಮಾಡಿ, ಬ್ಯಾಂಕಿಗೂ ಹೇಳಿ. ಎರಡೂ ಬಗೆಯ ಕಾಗದ ಇಟ್ಟುಕೊಂಡರೆ ಮುಂದೆ ಅಣ್ಣ-ತಮ್ಮಂದಿರ ಜಗಳಕ್ಕೆ ಸೌದೆ ಒಟ್ಟಿದ ಹಾಗೆ.

ಅಮ್ಮನ ಸೀನಿಯರ್ ಸಿಟಿಜನ್ ಸ್ಕೀಮಿನ ಖಾತೆಯಿಂದ ಬೇಕಾದಷ್ಟೇ ತೆಗೆಯೋಕಾಗಲ್ಲ, ಖಾತೆಯನ್ನೇ ಮುಚ್ಚಬೇಕು. ಖಾತೆ ತೆರೆದು 1ರಿಂದ 2 ವರ್ಷದೊಳಗಾದರೆ ಶೇ. 1.5 ಕಡಿತ (15 ಲಕ್ಷಕ್ಕೆ 22,500), 2 ವರ್ಷ ದಾಟಿದ್ದರೆ ಶೇ. 1. ಬ್ಯಾಂಕಿನ ಸ್ಯಾಂಕ್ಷನ್ (ಮಂಜೂರಾತಿ) ಪತ್ರ ಕೈಗೆ ಬರೋ ಮೊದಲು ಮುಟ್ಟಬೇಡಿ.

ಟೋಕನ್_ನಂಬರ್_27:
ಇದು ಸಿಕ್ಕಿಹಾಕಿಕೊಳ್ಳೋ ಜಾಗ ಒಂದೇ. ಟೈಟಲ್ (ಮಾಲೀಕತ್ವ) ಒಬ್ಬರ ಹೆಸರಿಗೆ ಬರಲಿ, ಆಮೇಲೆ ದುಡ್ಡು ಅಂತ ಹೊಸ ಬ್ಯಾಂಕು. ದುಡ್ಡು ಬರಲಿ, ಆಮೇಲೆ ಎನ್‌ಓಸಿ (ಅಡ್ಡಿಯಿಲ್ಲ ಅನ್ನೋ ಪತ್ರ) ಅಂತ ಹಳೇ ಬ್ಯಾಂಕು. ಬಿಡಿಸೋ ದಾರಿ ಎರಡು. ಹಳೇ ಬ್ಯಾಂಕಿನಲ್ಲೇ ಒಬ್ಬರ ಆದಾಯದ ಮೇಲೆ ಹೊಸದಾಗಿ ಪರಿಶೀಲಿಸಿ ಗಂಡನ ಹೆಸರು ತೆಗೆಸೋದು. ಬಡ್ಡಿ ಹೆಚ್ಚುಕಮ್ಮಿ ಸಮ ಇದ್ದರೆ ಇದೇ ವಾಸಿ. ಇಲ್ಲಾಂದ್ರೆ ಹೊಸ ಬ್ಯಾಂಕಿನಿಂದ ಷರತ್ತಿನ ಮಂಜೂರಾತಿ ಪಡೆದು, ಹಳೇ ಬ್ಯಾಂಕಿಂದ ಫೋರ್‌ಕ್ಲೋಷರ್ ಪತ್ರ (ಸಾಲ ಮುಚ್ಚೋಕೆ ಎಷ್ಟು ಕಟ್ಟಬೇಕು ಅನ್ನೋದು), ದಾಖಲೆಗಳ ಪಟ್ಟಿ, ಷರತ್ತಿನ ಎನ್‌ಓಸಿ ತಂದು, ಡೀಡು, ಡಿಡಿ (ಡಿಮ್ಯಾಂಡ್ ಡ್ರಾಫ್ಟ್) ಎರಡೂ ಒಂದೇ ದಿನ ಮುಗಿಸೋದು.

ಅದಕ್ಕೂ ಮೊದಲು ಇ-ಖಾತಾ (ಫ್ಲ್ಯಾಟಿನ ಆನ್‌ಲೈನ್ ಖಾತಾ). ಅದಿಲ್ಲದೆ ಕಾವೇರಿ 2.0ರಲ್ಲಿ (ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಅರ್ಜಿ ಮುಂದೆ ಹೋಗಲ್ಲ. ಇಬ್ಬರದೂ ಆಧಾರ್ ದೃಢೀಕರಣ ಬೇಕು. ಕ್ರಯಪತ್ರದಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಹೆಸರು ಇದ್ದರೆ ಅಲ್ಲೇ ವಾರಗಟ್ಟಲೆ ಕೂರುತ್ತೆ. ಮುನಿಸು ಜಾಸ್ತಿಯಾಗಿ ಗಂಡ ಫೋನ್ ಎತ್ತೋದು ನಿಲ್ಲಿಸೋ ಮೊದಲು ಓಟಿಪಿ ಕೆಲಸ ಮುಗಿಸಿ.

ಮೂರನೇ_ಮಹಡಿ:
ಸಹಿಗೂ ಮೊದಲೇ ಗಂಡ 22 ಲಕ್ಷ ಕೇಳಿದರೆ? ಡೀಡಲ್ಲಿ ಹಣದ ಮಾತೇ ಬೇಡ ಅಂತ ಡೀಡು ಬರೆಯೋರು ಹೇಳ್ತಿದ್ದಾರೆ.

ಲೆಕ್ಕ_ಪಕ್ಕಾ:
ಬರೆಯಲೇಬೇಕು. "ಪ್ರತಿಫಲವಿಲ್ಲದೆ" ಅಂತ ಬರೆದು 22 ಲಕ್ಷ ಕೊಟ್ಟರೆ, ಕೊಟ್ಟಿದ್ದಕ್ಕೆ ಡೀಡಿನಲ್ಲಿ ಗುರುತೇ ಇರಲ್ಲ. ಜೊತೆಗೆ ಹೆಂಡತಿ ಹೊತ್ತುಕೊಳ್ಳೋ ಗಂಡನ ಪಾಲಿನ 26 ಲಕ್ಷ ಸಾಲವನ್ನೂ ನಮೂದಿಸಿ. ಅವನ ಪಾಲಿನ ಬೆಲೆ 22 ಅಲ್ಲ, 48. ಬಂಡವಾಳ ಲಾಭದ ತೆರಿಗೆ ಲೆಕ್ಕ ಅವನು ಅದರ ಮೇಲೇ ಹಾಕಬೇಕು. 50 ಲಕ್ಷ ಮುಟ್ಟದ್ದರಿಂದ ಶೇ. 1 ಟಿಡಿಎಸ್ (ಹಣ ಕೊಡುವಾಗಲೇ ತೆರಿಗೆ ಹಿಡಿಯೋದು) ತಲೆನೋವು ಇಲ್ಲ. ಪಾಲಿನ ಮಾರ್ಗಸೂಚಿ ಬೆಲೆಯೂ (ಸರ್ಕಾರ ಗೊತ್ತುಮಾಡಿದ ಬೆಲೆ) 50ರೊಳಗಿದೆಯಾ ನೋಡಿಕೊಳ್ಳಿ. ಪ್ರತಿಫಲ ಬರೆದ ಡೀಡಿಗೆ ಮುದ್ರಾಂಕ ಎಷ್ಟು ಅಂತ ಕಾವೇರಿಯಲ್ಲಿ ಮೊದಲೇ ಲೆಕ್ಕ ಹಾಕಿಸಿ, ಆಮೇಲೆ ಟೈಪ್ ಮಾಡಿಸಿ.

ಟೋಕನ್_ನಂಬರ್_27:
ಸಹಿಗೆ ಮೊದಲು ಡಿಡಿಯ ಜೆರಾಕ್ಸ್ ತೋರಿಸಿ, ನಂಬರ್ ಡೀಡಿನಲ್ಲಿ ಬರಲಿ. ಅಸಲಿ ಡಿಡಿ ಸಬ್ ರಿಜಿಸ್ಟ್ರಾರ್ ಮುಂದೆ ಹೆಬ್ಬೆಟ್ಟು-ಫೋಟೋ ಆದಮೇಲೆ ಕೈಗೆ.

ಹಳೇ ಬ್ಯಾಂಕು ಸಾಲ ತೀರಿದ 30 ದಿನದೊಳಗೆ ಮೂಲ ದಾಖಲೆ ಕೊಡಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ಪರಿಹಾರ ಅಂತ ಆರ್‌ಬಿಐ ನಿಯಮ. ಹಳೇ ಎಂಓಡಿಟಿ (ದಾಖಲೆ ಒತ್ತೆ ಇಟ್ಟ ಪತ್ರ) ನೋಂದಣಿಯಾಗಿದ್ದರೆ ಡಿಸ್ಚಾರ್ಜ್ ಡೀಡನ್ನೂ (ಒತ್ತೆ ಬಿಡಿಸಿದ ಪತ್ರ) ನೋಂದಣಿ ಮಾಡಿಸಿ. ಇಲ್ಲದಿದ್ದರೆ ಇಸಿಯಲ್ಲಿ (ಋಣಭಾರ ಪತ್ರ) ಆ 52 ಲಕ್ಷದ ಸಾಲ ಹಾಗೇ ಕಾಣ್ತಿರುತ್ತೆ. ಖಾತಾ ಬದಲಾವಣೆಗೆ ಅರ್ಜಿ ಹಾಕಿದ ಮೇಲೆ ಹೊಸ ಇಸಿ ತೆಗೆದು ಅಮ್ಮನ ಕೈಲೂ ಒಂದು ಪ್ರತಿ ಕೊಡಿ.