ಸಹಾಯ ಬೇಕು: ಮುದ್ದೆ, ಅನ್ನ ಬಿಟ್ಟು ಹಾಫ್ ಮ್ಯಾರಥಾನ್ ಓಡೋಕಾಗುತ್ತಾ?

ಎಲ್ಲರಿಗೂ ನಮಸ್ಕಾರ. ನಮ್ದು ಮಂಡ್ಯ. ನನ್ನ ತಮ್ಮ ಮೈಸೂರಲ್ಲಿ ಕೆಲಸದಲ್ಲಿದ್ದಾನೆ, 21 ಕಿ.ಮೀ. ಓಟಕ್ಕೆ ತಯಾರಿ ನಡೆಸ್ತಿದ್ದಾನೆ. ಯಾರದೋ ಮಾತು ಕೇಳಿ ಈಗ ಬರೀ ಮೊಟ್ಟೆ, ಪನೀರು, ತುಪ್ಪ, ಕೊಬ್ಬರಿ. ಊರಿಗೆ ಬಂದಾಗ ಅಮ್ಮ ಬಸ್ಸಾರು ಮುದ್ದೆ ಬಡಿಸಿದ್ರೆ, ಮುದ್ದೆನ ತಟ್ಟೆ ಅಂಚಿಗೆ ಸರಿಸಿ ಸೊಪ್ಪಿನ ಪಲ್ಯ ಮಾತ್ರ ತಿಂತಾನೆ. ತೂಕ ಇಳಿದಿದೆ, ನಿಜ. ಆದ್ರೆ ಚಾಮುಂಡಿ ಬೆಟ್ಟದ ರಸ್ತೆ ಹತ್ತುವಾಗ ಅರ್ಧದಲ್ಲೇ ಕಾಲು ಸೋಲುತ್ತಂತೆ.

ಕೊಬ್ಬಲ್ಲಿ ಗ್ರಾಂಗೆ 9 ಕ್ಯಾಲೊರಿ, ಮುದ್ದೆ, ಅನ್ನದಲ್ಲಿ ಹೆಚ್ಚಿರೋ ಕಾರ್ಬೋಹೈಡ್ರೇಟಲ್ಲಿ 4. ಆದ್ರೆ ಅಷ್ಟೇ ಶಕ್ತಿ ಪಡೆಯೋಕೆ ಕೊಬ್ಬಿಗೆ ಆಮ್ಲಜನಕ ಜಾಸ್ತಿ ಬೇಕು. ಆಸ್ಟ್ರೇಲಿಯಾದ ಕ್ರೀಡಾ ಆಹಾರ ತಜ್ಞೆ ಲೂಯಿಸ್ ಬರ್ಕ್ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಬ್ಬಿನ ಊಟ ಮಾಡಿದ ವೇಗನಡಿಗೆ ಕ್ರೀಡಾಪಟುಗಳ ಮೈ ಕೊಬ್ಬನ್ನ ಚೆನ್ನಾಗೇ ಉರಿಸಿತು, 10 ಕಿ.ಮೀ. ಸಮಯ ಮಾತ್ರ ಸುಧಾರಿಸಲಿಲ್ಲ. ನಿಧಾನದ ಓಟಕ್ಕೆ ಸರಿಹೋಗಬಹುದು, ಏರುದಾರಿಗಲ್ಲ ಅಂತ ನನಗನ್ನಿಸುತ್ತೆ.

ಮೈಸೂರಲ್ಲಿ ಓಟಗಾರರಿಗೆ ಊಟದ ಸಲಹೆ ಕೊಡೋ ಒಳ್ಳೆ ಡಯಟೀಷಿಯನ್ ಯಾರಾದ್ರೂ ಗೊತ್ತಾ? ಕುಕ್ಕರಹಳ್ಳಿ ಕೆರೆ ಕಡೆ ಬೆಳಿಗ್ಗೆ ಓಡೋರು ಇಲ್ಲಿದ್ರೆ, ಉದ್ದ ಓಟದ ಹಿಂದಿನ ರಾತ್ರಿ ಏನು ತಿಂತೀರಾ? ದಾರಿಗೆ ಬಾಳೆಹಣ್ಣೋ, ಬೆಲ್ಲದ ನೀರೋ? ಓಟ ಅಂದ್ರೆ ಅವನಿಗೆ ಜೀವ, ನಮಗೆ ಅವನ ಆರೋಗ್ಯದ್ದೇ ಚಿಂತೆ. ಅನುಭವ ಇರೋರು ದಯವಿಟ್ಟು ತಿಳಿಸಿ.