ದೊಡ್ಡಮ್ಮನ ಕಾಲು ಯಾರೂ ನೀವಬೇಡಿ

ದೊಡ್ಡಮ್ಮ, ಈಗಷ್ಟೇ ಡ್ಯೂಟಿ ಮುಗಿಸಿ ಗ್ರೂಪ್ ನೋಡಿದೆ. ನಿನ್ನೆ ಅಂತರಗಂಗೆಯ ಮೆಟ್ಟಿಲು ಇಳಿಯುವಾಗ ನಿಮ್ಮ ಕಾಲು ಹೊರಳಿತು ಅಂತ ಅಣ್ಣ ಬರೆದಿದ್ದಾನೆ. ಫೋಟೋನೂ ನೋಡಿದೆ, ಹೊರಗಿನ ಗಿಣ್ಣಿನ ಸುತ್ತ ಕೋಳಿಮೊಟ್ಟೆಯಷ್ಟು ಬಾತುಕೊಂಡಿದೆ. ಚಿಕ್ಕಪ್ಪ ಪಕ್ಕದೂರಿಗೆ ಹೋಗಿ ಉಳುಕು ತೆಗೆಸೋಣ ಅಂದಿದ್ದಾರೆ. ಅತ್ತೆ ಹರಳೆಣ್ಣೆ ಬಿಸಿ ಮಾಡಿ ನೀವಿ ಅಂದಿದ್ದಾರೆ. ದಯವಿಟ್ಟು ಎರಡೂ ಬೇಡ. ಫಿಸಿಯೋಥೆರಪಿಯಲ್ಲಿ ನಾನು ದಿನಾ ನೋಡುವುದು ಇಂಥ ಕಾಲುಗಳನ್ನೇ, ಸ್ವಲ್ಪ ಪೂರ್ತಿ ಕೇಳಿ.

ನಿಮ್ಮ ನಿಮ್ಮ ಗಿಣ್ಣು ಮುಟ್ಟಿ ನೋಡಿಕೊಳ್ಳಿ. ಒಳಗಡೆಯದಕ್ಕಿಂತ ಹೊರಗಡೆಯದು ಕೆಳಗಿನವರೆಗೂ ಇಳಿದಿದೆ ಅಲ್ವಾ? ಅದು ಅಡ್ಡ ಇರುವುದರಿಂದ ಪಾದ ಹೊರಕ್ಕೆ ಮಗುಚುವುದು ಕಷ್ಟ, ಒಳಕ್ಕೆ ಸುಲಭ. ಮೆಟ್ಟಿಲು ಇಳಿಯುವಾಗ ಬೆರಳು ಕೆಳಕ್ಕೆ ಚಾಚಿರುತ್ತದೆ, ಆಗ ಕೀಲು ಇನ್ನೂ ಸಡಿಲ. ಹೊರಮಗ್ಗುಲಲ್ಲಿ ಮೂಳೆಗೆ ಮೂಳೆ ಕಟ್ಟಿರುವ 3 ಲಿಗಮೆಂಟ್ ಇವೆ. ಹೆಚ್ಚಾಗಿ ಮೊದಲು ಹರಿಯುವುದು ಮುಂದಿನದು. ಉಳುಕು ಅಂದರೆ ಇದೇ. ನರದ ಮೇಲೆ ನರ ಏನೂ ಹತ್ತಿರುವುದಿಲ್ಲ, ಎಳೆದು ಕೂರಿಸುವುದಕ್ಕೆ. ಹರಿದದ್ದನ್ನು ಎಳೆದರೆ ಇನ್ನಷ್ಟು ಹರಿಯುತ್ತದೆ.

ನಮ್ಮ ಅಪ್ಪನ ಕಥೆ ನೆನಪಿದೆಯಲ್ಲ. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕಾಲು ಹೊರಳಿ, ಎರಡು ಸಲ ಉಳುಕು ತೆಗೆಸಿಕೊಂಡು, ಮೂರು ವಾರ ಕುಂಟಿಕೊಂಡೇ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿದರು. ಕೊನೆಗೆ ಎಕ್ಸ್‌ರೇಯಲ್ಲಿ ನೋಡಿದರೆ ಹೊರಗಿನ ಗಿಣ್ಣೇ ಬಿರುಕು ಬಿಟ್ಟಿತ್ತು. ಆ ಮೂರು ವಾರದ ನೋವು ಸುಮ್ನೆ ತಿಂದದ್ದು.

ಉಳುಕೋ ಮುರಿತವೋ ಅಂತ ಅಂದಾಜು ಮಾಡಲು ಕೆನಡಾದ ಒಟ್ಟಾವಾದಲ್ಲಿ ಡಾಕ್ಟರುಗಳು ಮಾಡಿದ ಒಂದು ನಿಯಮ ಇದೆ. 1992ರಲ್ಲಿ ಬಂದದ್ದು, ಈಗಲೂ ಅದನ್ನೇ ಬಳಸುತ್ತೇವೆ. ಅಣ್ಣ, ಬೆರಳಿನಿಂದ ಮೆಲ್ಲಗೆ ಒತ್ತಿ ನೋಡು. ಗಿಣ್ಣಿನ ಮುಂದಿನ ಗುಳಿಯಲ್ಲಿ ಮಾತ್ರ ನೋವಿದ್ದರೆ ಲಿಗಮೆಂಟ್ ಇರಬಹುದು. ಗಿಣ್ಣಿನ ತುದಿಯಲ್ಲಿ, ಅಥವಾ ಅಲ್ಲಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಹಿಂದಿನ ಅಂಚಿನಲ್ಲಿ ಮೂಳೆಯೇ ನೋಯುತ್ತಿದ್ದರೆ ಎಕ್ಸ್‌ರೇ ಬೇಕು. ಒಳಗಿನ ಗಿಣ್ಣಿಗೂ ಹೀಗೇ. ಪಾದದ ಹೊರ ಅಂಚಿನ ನಡುವೆ ಒಂದು ಉಬ್ಬು ಸಿಗುತ್ತದೆ, ಕಿರುಬೆರಳಿನ ಮೂಳೆಯ ಬುಡ ಅದು. ಪಾದ ಹೊರಳಿದಾಗ ಅಲ್ಲಿ ಅಂಟಿಕೊಂಡಿರುವ ಸ್ನಾಯು ಜಗ್ಗಿ ಮೂಳೆಯ ಚೂರನ್ನೇ ಕಿತ್ತುಬಿಡಬಹುದು, ಎಲ್ಲರೂ ಗಿಣ್ಣನ್ನೇ ನೋಡುತ್ತಾ ಇದನ್ನು ಮರೆಯುತ್ತಾರೆ. ಒಳ ಅಂಚಿನಲ್ಲಿ, ಗಿಣ್ಣಿನ ಮುಂದೆ ಸಿಗುವ ಮೂಳೆಯನ್ನೂ ಒತ್ತು. ಆಮೇಲೆ, ಬಿದ್ದ ತಕ್ಷಣವೂ ಈಗಲೂ 4 ಹೆಜ್ಜೆ ಇಡಲು ಆಗಲಿಲ್ಲ ಅಂದರೂ ಎಕ್ಸ್‌ರೇ ಬೇಕು. ಕುಂಟಿದರೂ ಪರವಾಗಿಲ್ಲ, ಹೆಜ್ಜೆ ಅಂದರೆ ಹೆಜ್ಜೆ.

ಆದರೆ ದೊಡ್ಡಮ್ಮ, ಇದು ಉಳಿದವರಿಗೆ. ನಿಮಗೆ ಶುಗರ್ ಇದೆ, ಪಾದ ಜೋಮು ಹಿಡಿಯುತ್ತದೆ ಅಂತ ಯುಗಾದಿಗೆ ಬಂದಾಗ ಹೇಳಿದ್ದಿರಿ. ಸ್ಪರ್ಶವೇ ಕಡಿಮೆಯಾದ ಕಾಲಿನಲ್ಲಿ ಮುರಿದರೂ ನೋವು ಗೊತ್ತಾಗದಿರಬಹುದು. ಆದ್ದರಿಂದ ನೋವಿರಲಿ ಬಿಡಲಿ, ಇವತ್ತೇ ಎಸ್‌ಎನ್‌ಆರ್ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ. ಆ ಕಾಲು ಊರಬೇಡಿ, ಅಣ್ಣನ ಹೆಗಲು ಹಿಡಿದುಕೊಳ್ಳಿ.

ಹೊರಡುವ ಮೊದಲು ಆ ಕಾಲಿನ ಕಾಲುಂಗುರ, ಚೈನು ತೆಗೆದುಬಿಡಿ. ಬಾವು ಬೆರಳಿಗೆ ಇಳಿದರೆ ಉಂಗುರವನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಇನ್ನೊಂದು ಕಾಲಿನದು ಇರಲಿ, ಮನಸ್ಸಿಗೆ ಏನೂ ಅಂದುಕೊಳ್ಳಬೇಡಿ. ಕೂತಾಗ ದಿಂಬಿನ ಮೇಲೆ ಕಾಲು ಎತ್ತಿಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಸಾಕು. ನಿಮಗೆ ಚಳಿ ಗೊತ್ತಾಗದೇ ಚರ್ಮ ಸುಟ್ಟೀತು, ನಡುವೆ ಅತ್ತಿಗೆ ತೆಗೆದು ನೋಡುತ್ತಿರಲಿ. ಬಿಸಿನೀರು ಈಗ ಖಂಡಿತ ಬೇಡ. ಎರಡು ದಿನದಲ್ಲಿ ಬೆರಳಿನವರೆಗೂ ನೀಲಿ ಇಳಿದರೆ ಗಾಬರಿ ಬೇಡ, ಒಳಗೆ ಸೋರಿದ ರಕ್ತ ಕೆಳಗೆ ಬರುವುದು ಅಷ್ಟೇ. ಬೆರಳು ತಣ್ಣಗಾದರೆ, ಬೆಳ್ಳಗಾದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ.

ಮೂಳೆಗೆ ಏನೂ ಆಗಿಲ್ಲ ಅಂತ ಬಂದರೆ ವಾರಗಟ್ಟಲೆ ಮಲಗಿಸಬೇಡಿ. ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯುವುದರಿಂದ ಶುರು ಮಾಡೋಣ, ವಿಡಿಯೋ ಕಾಲ್‌ನಲ್ಲಿ ನಾನೇ ಹೇಳಿಕೊಡುತ್ತೇನೆ. ಅಣ್ಣ, ಎಕ್ಸ್‌ರೇ ಕೈಗೆ ಬಂದ ತಕ್ಷಣ ಫೋಟೋ ಹಾಕು. ಫೋನ್ ಹತ್ತಿರವೇ ಇಟ್ಟುಕೊಂಡಿರುತ್ತೇನೆ.